ಓಡಿಸೋದು ಸುಲಭ, ನಿಲ್ಲಿಸೋದೇ ಕೆಲಸ: ಮನೆಯಲ್ಲಿ ಕಟ್ಟಿದ ಎಲೆಕ್ಟ್ರಿಕ್ ಸ್ಕೇಟ್‌ಬೋರ್ಡ್

ಇದು ನಮ್ಮ ಪಾಡ್‌ಕಾಸ್ಟ್‌ನ ಈ ವಾರದ ಸಂಚಿಕೆಯ ಬರಹ ರೂಪ. ಕೇಳುವುದಕ್ಕಿಂತ ಓದುವುದೇ ಅನುಕೂಲ ಎನ್ನುವವರಿಗಾಗಿ ಇಲ್ಲಿ ಕೊಟ್ಟಿದ್ದೇವೆ.



ಒಂದು ಭಾನುವಾರ ಬೆಳಗ್ಗೆ ಆರೂವರೆ ಗಂಟೆ. ಬೆಂಗಳೂರಿನ ಹೊರವಲಯದ ಒಂದು ಬಡಾವಣೆ. ಸೈಟುಗಳಿಗೆ ಕಲ್ಲು ನೆಟ್ಟಿದ್ದಾರೆ, ರಸ್ತೆಗೆ ಟಾರು ಹಾಕಿದ್ದಾರೆ, ಮನೆಗಳು ಇನ್ನೂ ಎದ್ದಿಲ್ಲ. ನನ್ನ ಅಕ್ಕನ ಮಗ, ನಾವಿಬ್ಬರೂ ಸೇರಿ ಕಟ್ಟಿದ ಎಲೆಕ್ಟ್ರಿಕ್ ಸ್ಕೇಟ್‌ಬೋರ್ಡ್ ಹತ್ತಿ ಇಳಿಜಾರಿನಲ್ಲಿ ಹೊರಟ. ನಾನು ಕೆಳಗೆ, ರಸ್ತೆ ಸಮವಾಗುವ ಕಡೆ, ಮೊಬೈಲ್ ಹಿಡಿದು ವಿಡಿಯೊ ಮಾಡುತ್ತಾ ನಿಂತಿದ್ದೆ. ಸ್ವಲ್ಪ ದೂರ ಬಂದವನು ರಿಮೋಟಿನ ಬ್ರೇಕ್ ಒತ್ತಿದ. ಬೋರ್ಡ್ ಒಂದು ಸೆಕೆಂಡ್ ನಿಧಾನವಾಯಿತು. ಆಮೇಲೆ ಬ್ರೇಕ್ ಬಿಟ್ಟೇಹೋಯಿತು. "ಮಾಮಾ, ನಿಲ್ತಾ ಇಲ್ಲ!" ಅಂತ ಅವನು ಕೂಗಿದ್ದು ವಿಡಿಯೊದಲ್ಲಿ ಈಗಲೂ ಇದೆ.

ಅದೇ ಬ್ರೇಕನ್ನು ನಾವು ಅದಕ್ಕೆ ಮೊದಲು ಎಷ್ಟೋ ಸಲ ಪರೀಕ್ಷೆ ಮಾಡಿದ್ದೆವು. ಆವತ್ತು ಬೆಲ್ಟ್ ಹರಿದಿರಲಿಲ್ಲ, ವೈರ್ ಬಿಟ್ಟಿರಲಿಲ್ಲ, ರಿಮೋಟ್ ಕೆಟ್ಟಿರಲಿಲ್ಲ. ಬ್ಯಾಟರಿ ಖಾಲಿಯೂ ಆಗಿರಲಿಲ್ಲ. ನಂಬ್ತೀರೋ ಇಲ್ಲವೋ, ಬ್ಯಾಟರಿ ಪೂರ್ತಿ ತುಂಬಿದ್ದೇ ತೊಂದರೆಗೆ ಕಾರಣವಾಗಿತ್ತು. ಅದು ಹೇಗೆ ಅನ್ನೋದೇ ಇವತ್ತಿನ ವಿಷಯ. ಅದು ಅರ್ಥವಾಗಬೇಕಾದರೆ ಈ ಬೋರ್ಡ್ ಒಳಗೆ ಏನೇನಿದೆ, ಹೇಗೆ ಓಡುತ್ತದೆ ಅನ್ನೋದರಿಂದ ಶುರು ಮಾಡಬೇಕು.

ಕಟ್ಟಬೇಕು ಅನ್ನಿಸಿದ್ದು ಯಾಕೆ?

ಸ್ಕೇಟ್‌ಬೋರ್ಡ್ ಅಮೆರಿಕದ ಕ್ಯಾಲಿಫೋರ್ನಿಯಾದ ಸಮುದ್ರ ತೀರದ ಹುಡುಗರ ಆಟವಾಗಿ ಬೆಳೆದದ್ದು. ಅಲೆಗಳಿಲ್ಲದ ದಿನ ರಸ್ತೆ ಮೇಲೆ ಸರ್ಫಿಂಗ್ ಮಾಡುವ ಆಸೆ ಅದರ ಹಿಂದಿತ್ತು. ಅದಕ್ಕೆ ಮೋಟಾರು ಜೋಡಿಸುವ ಪ್ರಯತ್ನಗಳು ಹಳೆಯವು. ಆದರೆ ಜನ ಅದನ್ನು ಗಂಭೀರವಾಗಿ ತಗೊಂಡಿದ್ದು ಲಿಥಿಯಂ ಬ್ಯಾಟರಿ ಅಗ್ಗವಾದ ಮೇಲೆ. 2012ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಓದಿದ ಕೆಲವರು ಬೂಸ್ಟೆಡ್ ಅನ್ನುವ ಹೆಸರಿನಲ್ಲಿ ಕಿಕ್‌ಸ್ಟಾರ್ಟರ್ ಮೂಲಕ ಜನರಿಂದ ಹಣ ಎತ್ತಿ ಇಂಥ ಬೋರ್ಡ್ ತಯಾರಿಸಿದರು. ತುಂಬಾ ಹೆಸರು ಮಾಡಿತು. 2020ರಲ್ಲಿ ಕಂಪನಿ ಬಾಗಿಲು ಮುಚ್ಚಿತು. ಕಂಪನಿ ಹೋದಮೇಲೂ ಬೋರ್ಡ್‌ಗಳು ಉಳಿದವು. ಅವನ್ನು ಬಿಚ್ಚಿ ರಿಪೇರಿ ಮಾಡುವುದನ್ನು ಅನೇಕರು ತಾವೇ ಕಲಿತರು.

ನಮ್ಮ ಹುಡುಗ ಡಿಪ್ಲೊಮಾ ಎರಡನೇ ವರ್ಷ. ಹೊರದೇಶದಿಂದ ರೆಡಿಮೇಡ್ ಬೋರ್ಡ್ ತರಿಸುವಷ್ಟು ದುಡ್ಡು ಅವನ ಹತ್ತಿರ ಇರಲಿಲ್ಲ, ನಾನು ಕೊಡುವವನೂ ಅಲ್ಲ. "ಮಾಮ, ಎಲ್ಲಾ ಪಾರ್ಟ್ಸೂ ಬಿಡಿಬಿಡಿಯಾಗಿ ಸಿಗುತ್ತೆ, ನಾವೇ ಮಾಡೋಣ" ಅಂದ. ಟೆರೇಸಿನ ಶೀಟ್ ಕೆಳಗೆ ಕೆಲಸ ಶುರುವಾಯಿತು. ಸಾಮಾನೆಲ್ಲ ಹರಡಿಕೊಂಡು ಕೂತಿದ್ದಾಗ ಅಕ್ಕ ಕಾಫಿ ತಂದಿಟ್ಟು ಕೇಳಿದ್ದು ಒಂದೇ ಪ್ರಶ್ನೆ: "ಇದಕ್ಕೆ ಬ್ರೇಕ್ ಎಲ್ಲಿದ್ಯೋ?" ಹುಡುಗ ನಕ್ಕು, "ಬೇರೆ ಬ್ರೇಕ್ ಬೇಡಮ್ಮ, ಮೋಟಾರೇ ಬ್ರೇಕು" ಅಂದ. ತಾಂತ್ರಿಕವಾಗಿ ಅವನು ಹೇಳಿದ್ದು ಸರಿಯೇ.

ಹಲಗೆ, ಚಕ್ರ, ಮೋಟಾರು

ನಿಲ್ಲುವ ಹಲಗೆಗೆ ಡೆಕ್ ಅನ್ನುತ್ತಾರೆ. ಮೇಪಲ್ ಮರದ ತೆಳು ಪದರಗಳನ್ನು ಅಂಟಿಸಿ ಒತ್ತಿ ಮಾಡಿರುತ್ತಾರೆ. ಅದರ ಕೆಳಗೆ ಹಿಂದೊಂದು ಮುಂದೊಂದು ಲೋಹದ ಅಚ್ಚು. ಸ್ಕೇಟಿಂಗ್ ಮಾಡುವವರ ಬಾಯಲ್ಲಿ ಅದು ಟ್ರಕ್. ದೇಹವನ್ನು ಎಡಕ್ಕೋ ಬಲಕ್ಕೋ ಬಾಗಿಸಿದರೆ ಟ್ರಕ್ ತಿರುಗಿ ಬೋರ್ಡ್ ಅತ್ತ ಹೊರಳುತ್ತದೆ. ಚಕ್ರ ಪಾಲಿಯುರೆಥೇನ್‌ದು. ಮಾಮೂಲಿ ಸ್ಕೇಟ್‌ಬೋರ್ಡಿನ ಚಕ್ರ 50 ಮಿಲಿಮೀಟರ್ ಆಸುಪಾಸು ಇರುತ್ತದೆ. ನಮ್ಮ ರಸ್ತೆಗೆ ಅದು ಯಾವ ಮೂಲೆಗೂ ಸಾಲದು. ಒಂದು ಜಲ್ಲಿ ಕಲ್ಲು ಸಿಕ್ಕಿದರೂ ಚಕ್ರ ನಿಂತು, ಮನುಷ್ಯ ಮುಂದೆ ಹೋಗಿ ಬೀಳುತ್ತಾನೆ. ಹಾಗಾಗಿ 90 ಮಿ.ಮೀ. ಚಕ್ರ ಹಾಕಿದೆವು.

ಮೋಟಾರು ಡ್ರೋನ್ ಮತ್ತು ಆಟದ ವಿಮಾನಗಳಲ್ಲಿ ಬರುವ ಜಾತಿಯದೇ, ಗಾತ್ರದಲ್ಲಿ ದೊಡ್ಡದು. ಬ್ರಷ್ ಇಲ್ಲದ ಮೋಟಾರು. ಒಳಗಿನ ತಾಮ್ರದ ಸುರುಳಿ ಅಲ್ಲಾಡುವುದಿಲ್ಲ, ಆಯಸ್ಕಾಂತ ಅಂಟಿಸಿದ ಹೊರಗಿನ ಡಬ್ಬಿ ತಿರುಗುತ್ತದೆ. ನಾವು ತಂದದ್ದು 6354 ಅನ್ನುವ ಅಳತೆ: 63 ಮಿ.ಮೀ. ಅಗಲ, 54 ಮಿ.ಮೀ. ಉದ್ದ. ಮೋಟಾರಿನ ಮೇಲೆ 140 ಕೆವಿ ಅಂತ ಬರೆದಿತ್ತು. ಇದನ್ನು ಕಿಲೋವೋಲ್ಟ್ ಅಂದುಕೊಳ್ಳಬೇಡಿ. ಒಂದು ವೋಲ್ಟ್ ಕೊಟ್ಟರೆ, ಭಾರವಿಲ್ಲದಾಗ, ನಿಮಿಷಕ್ಕೆ 140 ಸುತ್ತು ತಿರುಗುತ್ತದೆ ಅಂತ ಅದರ ಅರ್ಥ.

ಈ ಒಂದು ಸಂಖ್ಯೆಯಿಂದ ಬೋರ್ಡಿನ ವೇಗವನ್ನು ಕಾಗದದ ಮೇಲೆ ಲೆಕ್ಕ ಹಾಕಬಹುದು. ನಮ್ಮ ಬ್ಯಾಟರಿ 36 ವೋಲ್ಟ್. 36ನ್ನು 140ರಿಂದ ಗುಣಿಸಿದರೆ ನಿಮಿಷಕ್ಕೆ 5,040 ಸುತ್ತು. ಮೋಟಾರಿನ ಪುಲಿಗೆ 16 ಹಲ್ಲು, ಚಕ್ರದ ಪುಲಿಗೆ 36 ಹಲ್ಲು, ನಡುವೆ ಹಲ್ಲಿನ ಬೆಲ್ಟ್. ಅಂದ್ರೆ ಮೋಟಾರು ಎರಡೂಕಾಲು ಸುತ್ತು ಬಂದರೆ ಚಕ್ರ ಒಂದು ಸುತ್ತು. ಹಾಗಾಗಿ ಚಕ್ರ ನಿಮಿಷಕ್ಕೆ 2,240 ಸುತ್ತು. 90 ಮಿ.ಮೀ. ಚಕ್ರದ ಸುತ್ತಳತೆ ಸುಮಾರು 28 ಸೆಂಟಿಮೀಟರ್. ಗುಣಿಸಿ ನೋಡಿದರೆ ಗಂಟೆಗೆ ಸುಮಾರು 38 ಕಿ.ಮೀ. ಮನುಷ್ಯ ನಿಂತ ಮೇಲೆ ಇದಕ್ಕಿಂತ ಕಡಿಮೆ ಸಿಗುತ್ತದೆ.

38 ಅಂದಾಗ ಹುಡುಗನ ಮುಖ ಅರಳಿತು. ನನಗೆ ಹೊಟ್ಟೆಯೊಳಗೆ ಒಂಥರಾ ಆಯಿತು. ಹೆಲ್ಮೆಟ್ ಹಾಕಿಕೊಂಡು ಸ್ಕೂಟರಿನಲ್ಲಿ ಹೋಗುವ 38 ಬೇರೆ, ಅಂಗೈ ಅಗಲದ ಚಕ್ರದ ಹಲಗೆ ಮೇಲೆ ನಿಂತು ಹೋಗುವ 38 ಬೇರೆ. ಕೊನೆಗೆ ಕಂಟ್ರೋಲರಿನಲ್ಲಿ 20ಕ್ಕೆ ಮಿತಿ ಹಾಕುವುದು ಅಂತ ಒಪ್ಪಂದವಾಯಿತು.

ಮೋಟಾರನ್ನು ಟ್ರಕ್ಕಿಗೆ ಹಿಡಿದಿಡುವ ತಟ್ಟೆಯನ್ನು ಪೀಣ್ಯದ ಒಂದು ಲೇತ್ ಅಂಗಡಿಯಲ್ಲಿ ಅಲ್ಯೂಮಿನಿಯಂನಲ್ಲಿ ಮಾಡಿಸಿದೆವು. ಎಸ್‌ಪಿ ರೋಡಿನಲ್ಲಿ ವೈರು, ಕನೆಕ್ಟರು, ಫ್ಯೂಸು ಸಿಕ್ಕವು. ಮೋಟಾರು, ಕಂಟ್ರೋಲರು ಆನ್‌ಲೈನಿನಲ್ಲಿ ಬಂದವು.

ಮೂವತ್ತು ಸೆಲ್ಲಿನ ಪೆಟ್ಟಿಗೆ

ಬ್ಯಾಟರಿಗೆ ಬಳಸಿದ್ದು 18650 ಸೆಲ್. 18 ಮಿ.ಮೀ. ಅಗಲ, 65 ಮಿ.ಮೀ. ಉದ್ದ, ಹಳೆಯ ಲ್ಯಾಪ್‌ಟಾಪ್ ಬ್ಯಾಟರಿ ಬಿಚ್ಚಿದರೆ ಒಳಗೆ ಸಿಗೋದು ಇದೇ. ಒಂದೊಂದೂ ಸರಾಸರಿ 3.6 ವೋಲ್ಟ್. ಪೂರ್ತಿ ತುಂಬಿದಾಗ 4.2. ಮೂರು ಮೂರು ಸೆಲ್ಲನ್ನು ಅಕ್ಕಪಕ್ಕ ಜೋಡಿಸಿ ಒಂದು ಗುಂಪು, ಅಂಥ ಹತ್ತು ಗುಂಪುಗಳನ್ನು ಸಾಲಾಗಿ ಜೋಡಿಸಿದರೆ 36 ವೋಲ್ಟ್, ತುಂಬಿದಾಗ 42. ಒಟ್ಟು ಮೂವತ್ತು ಸೆಲ್, ಸುಮಾರು 324 ವ್ಯಾಟ್-ಅವರ್ ಶಕ್ತಿ. ಒಂದು ಕಿಲೋಮೀಟರಿಗೆ 15 ವ್ಯಾಟ್-ಅವರ್ ಖರ್ಚು ಅಂತಿಟ್ಟುಕೊಂಡರೂ 20 ಕಿ.ಮೀ. ದಾಟುತ್ತದೆ.

ಇಲ್ಲಿ ಎರಡು ಮಾತು ಹೇಳಲೇಬೇಕು. ಒಂದು, ಹಳೆಯ ಲ್ಯಾಪ್‌ಟಾಪಿನ ಸೆಲ್ ಬಿಚ್ಚಿ ಇದಕ್ಕೆ ಹಾಕಬೇಡಿ. ಅವು ಇಷ್ಟು ಕರೆಂಟ್ ಕೊಡುವುದಕ್ಕೆ ಮಾಡಿದವಲ್ಲ, ಒಂದೊಂದರ ವಯಸ್ಸೂ ಒಂದೊಂದು ಥರ. ಎರಡು, ಸೆಲ್ಲಿನ ತಲೆಗೆ ನೇರ ಬೆಸುಗೆ ಕಡ್ಡಿ ಒತ್ತಬೇಡಿ. ಆ ಬಿಸಿಗೆ ಒಳಗಿನ ಪದರ ಹಾಳಾಗುತ್ತದೆ. ನಿಕ್ಕಲ್ ಪಟ್ಟಿಯನ್ನು ಸ್ಪಾಟ್ ವೆಲ್ಡಿಂಗ್ ಮಾಡಬೇಕು. ಕಣ್ಣು ಮಿಟುಕಿಸುವಷ್ಟರಲ್ಲಿ ಆಗುವ ಬೆಸುಗೆ ಅದು, ಬಿಸಿ ಒಳಗೆ ಇಳಿಯುವುದಿಲ್ಲ. ನಾವು ಆ ಕೆಲಸವನ್ನು ಬ್ಯಾಟರಿ ಪ್ಯಾಕ್ ಕಟ್ಟುವ ಅಂಗಡಿಯವರಿಗೇ ಕೊಟ್ಟೆವು. ಎಲ್ಲಾ ನಾವೇ ಮಾಡಬೇಕು ಅನ್ನುವ ಹಟ ಬ್ಯಾಟರಿ ವಿಷಯದಲ್ಲಿ ಬೇಡ. ಲಿಥಿಯಂ ಹೊತ್ತಿಕೊಂಡರೆ ಬಕೆಟ್ ನೀರಿಗೆ ಬಗ್ಗುವ ಬೆಂಕಿಯಲ್ಲ.

ಪ್ಯಾಕಿನ ಜೊತೆ ಬಿಎಂಎಸ್ ಅನ್ನುವ ಒಂದು ಸಣ್ಣ ಸರ್ಕ್ಯೂಟ್ ಬೋರ್ಡ್ ಇರುತ್ತದೆ. ಬ್ಯಾಟರಿಯ ಕಾವಲುಗಾರ ಅನ್ನಿ. ಹತ್ತು ಗುಂಪಿನ ವೋಲ್ಟೇಜನ್ನೂ ಬೇರೆ ಬೇರೆಯಾಗಿ ನೋಡುತ್ತಿರುತ್ತದೆ. ಯಾವುದೇ ಗುಂಪು ತೀರಾ ಇಳಿದರೆ ಕರೆಂಟ್ ಹೊರಗೆ ಹೋಗುವುದನ್ನು ನಿಲ್ಲಿಸುತ್ತದೆ. ತೀರಾ ಏರಿದರೆ ಕರೆಂಟ್ ಒಳಗೆ ಬರುವುದನ್ನು ನಿಲ್ಲಿಸುತ್ತದೆ. ನಮ್ಮದರಲ್ಲಿ ಆ ಮೇಲಿನ ಗೆರೆ ಸುಮಾರು 4.25 ವೋಲ್ಟ್. ಈ ಸಂಖ್ಯೆ ನೆನಪಿಟ್ಟುಕೊಳ್ಳಿ, ಮತ್ತೆ ಬೇಕಾಗುತ್ತದೆ.

ಮೋಟಾರೇ ಬ್ರೇಕ್ ಆಗುವುದು ಹೇಗೆ?

ಬ್ಯಾಟರಿ ಮತ್ತು ಮೋಟಾರಿನ ನಡುವೆ ಕೂತಿರೋದು ಕಂಟ್ರೋಲರ್. ಸ್ವೀಡನ್ನಿನ ಎಂಜಿನಿಯರ್ ಬೆಂಜಮಿನ್ ವೆಡ್ಡರ್ ಇಂಥದ್ದೊಂದು ಕಂಟ್ರೋಲರ್ ವಿನ್ಯಾಸ ಮಾಡಿ ಎಲ್ಲರಿಗೂ ಮುಕ್ತವಾಗಿ ಬಿಟ್ಟುಕೊಟ್ಟರು. ಅದರ ಹೆಸರು ವೆಸ್ಕ್. ಮನೆಯಲ್ಲಿ ಸ್ಕೇಟ್‌ಬೋರ್ಡ್ ಕಟ್ಟುವವರಲ್ಲಿ ಬಹಳ ಮಂದಿ ಬಳಸುವುದು ಅದನ್ನೇ ಅಥವಾ ಅದರಿಂದ ಹುಟ್ಟಿದ ಇನ್ನೊಂದನ್ನು. ಕಂಪ್ಯೂಟರಿಗೆ ಜೋಡಿಸಿದರೆ ಮೋಟಾರಿಗೆ ಎಷ್ಟು ಕರೆಂಟ್, ಬ್ರೇಕಿಗೆ ಎಷ್ಟು, ಬ್ಯಾಟರಿಗೆ ವಾಪಸ್ ಎಷ್ಟು, ಎಲ್ಲವನ್ನೂ ನಾವೇ ನಿಗದಿ ಮಾಡಬಹುದು.

ಈ ವಾಪಸ್ ಹೋಗುವ ಕರೆಂಟೇ ಬ್ರೇಕಿನ ಗುಟ್ಟು. ಹಳೇ ಸೈಕಲ್ಲಿನ ಡೈನಮೋ ನೆನಪಿದೆಯಲ್ಲ? ಟೈರಿಗೆ ತಾಗಿಸಿದ ತಕ್ಷಣ ಪೆಡಲ್ ಭಾರವಾಗುತ್ತಿತ್ತು. ಚಕ್ರದ ಓಟದಿಂದ ಒಂದಷ್ಟು ಶಕ್ತಿ ಕಿತ್ತುಕೊಂಡು ಡೈನಮೋ ದೀಪ ಉರಿಸುತ್ತಿತ್ತು. ಇಲ್ಲೂ ಅಷ್ಟೇ. ಬ್ರೇಕ್ ಒತ್ತಿದಾಗ ಕಂಟ್ರೋಲರ್ ಮೋಟಾರನ್ನು ಡೈನಮೋ ಮಾಡುತ್ತದೆ. ಓಡುವ ಬೋರ್ಡಿನ ಶಕ್ತಿ ವಿದ್ಯುತ್ತಾಗಿ ಬ್ಯಾಟರಿಗೆ ಸೇರುತ್ತದೆ, ಚಕ್ರ ನಿಧಾನವಾಗುತ್ತದೆ. ಸವೆಯುವ ಪ್ಯಾಡ್ ಇಲ್ಲ, ಎಳೆಯುವ ಕೇಬಲ್ ಇಲ್ಲ.

ಕೇಳೋಕೆ ಎಷ್ಟು ಚೆಂದ ಅಲ್ವಾ? ಆದರೆ ಇದರಲ್ಲಿ ಒಂದು ಷರತ್ತಿದೆ: ಆ ಶಕ್ತಿ ಹೋಗುವುದಕ್ಕೆ ಒಂದು ಜಾಗ ಬೇಕು.

ಹಂತ ಹಂತದ ಪರೀಕ್ಷೆ

ಬೋರ್ಡ್ ಸಿದ್ಧವಾದ ಮೇಲೆ ಹತ್ತಿ ಓಡಿಸುವ ಆತುರ ಯಾರಿಗಾದರೂ ಇರುತ್ತದೆ. ನಾವು ಹಟ ಹಿಡಿದು ಕ್ರಮವಾಗಿ ಹೋದೆವು. ಅದರಿಂದ ಲಾಭವೂ ಆಯಿತು.

ಮೊದಲು ಟೇಬಲ್ ಮೇಲೆ, ಎರಡು ಇಟ್ಟಿಗೆ ಇಟ್ಟು, ಚಕ್ರ ಗಾಳಿಯಲ್ಲಿರುವಂತೆ. ಮೋಟಾರು ಸರಿಯಾದ ದಿಕ್ಕಿಗೆ ತಿರುಗುತ್ತದೆಯೇ, ಬ್ರೇಕ್ ಹಿಡಿಯುತ್ತದೆಯೇ ಅಂತ ನೋಡಿದೆವು. ಆಮೇಲೆ ಚಕ್ರ ತಿರುಗುತ್ತಿರುವಾಗಲೇ ರಿಮೋಟನ್ನು ಆಫ್ ಮಾಡಿದೆವು. ಮೋಟಾರು ನಿಲ್ಲಬೇಕಿತ್ತು. ನಿಲ್ಲಲಿಲ್ಲ! ಅದೇ ವೇಗದಲ್ಲಿ ತಿರುಗುತ್ತಲೇ ಇತ್ತು. ಯಾಕಂದ್ರೆ ನಮ್ಮ ರಿಸೀವರ್ ಸಿಗ್ನಲ್ ತಪ್ಪಿದಾಗ ಕೊನೆಯ ಆಜ್ಞೆಯನ್ನೇ ಹಿಡಿದುಕೊಳ್ಳುವಂತೆ ಹೊಂದಿಸಿತ್ತು. ಆಟದ ಕಾರಿಗೆ ಅದು ನಡೆಯಬಹುದು. ಮನುಷ್ಯ ಹತ್ತುವ ಬೋರ್ಡಿಗೆ ಅಲ್ಲ. ಸಿಗ್ನಲ್ ತಪ್ಪಿದರೆ ಮೋಟಾರು ಸುಮ್ಮನಾಗಿ ಬೋರ್ಡ್ ತಾನಾಗಿ ಉರುಳುವಂತೆ ಬದಲಾಯಿಸಿದೆವು. ಪೂರ್ತಿ ಬ್ರೇಕ್ ಬೀಳುವಂತೆ ಮಾಡಲಿಲ್ಲ, ಯಾಕಂದ್ರೆ ಹೇಳದೆ ಕೇಳದೆ ಬ್ರೇಕ್ ಬಿದ್ದರೆ ನಿಂತವನು ಮುಗ್ಗರಿಸುತ್ತಾನೆ. ಈ ಒಂದು ಪರೀಕ್ಷೆಯನ್ನು ಟೇಬಲ್ ಮೇಲೆ ಮಾಡದೆ ಇದ್ದಿದ್ದರೆ ಗತಿ ಏನು ಅಂತ ಈಗಲೂ ಯೋಚಿಸುತ್ತೇನೆ.

ಎರಡನೆಯದು ನಡಿಗೆಯ ವೇಗ. ಹೆಲ್ಮೆಟ್, ಮಣಿಕಟ್ಟಿನ ಗಾರ್ಡ್, ಮೊಣಕಾಲಿನ ಪ್ಯಾಡ್ ಹಾಕಿಕೊಂಡು ಸಮತಟ್ಟಾದ ರಸ್ತೆಯಲ್ಲಿ. ಬೀಳುವಾಗ ಎಲ್ಲರೂ ಮೊದಲು ಊರುವುದು ಅಂಗೈ, ಹಾಗಾಗಿ ಮಣಿಕಟ್ಟಿನ ಗಾರ್ಡ್ ಬಿಡುವ ಹಾಗಿಲ್ಲ. ಹೊಸಬರು ಹಿಂದಿನ ಕಾಲಿಗೆ ಭಾರ ಹಾಕುತ್ತಾರೆ. ವೇಗ ಹೆಚ್ಚಿದಾಗ ಬೋರ್ಡ್ ಹಾವಿನ ಹಾಗೆ ಅತ್ತಿತ್ತ ಅಲ್ಲಾಡೋಕೆ ಇದೂ ಒಂದು ಕಾರಣ. ಭಾರ ಮುಂದಿನ ಕಾಲಿನ ಮೇಲೆ ಇರಬೇಕು, ಟ್ರಕ್ಕಿನ ನಟ್ ತೀರಾ ಸಡಿಲ ಇರಬಾರದು.

ಮೂರನೆಯದು ಬ್ರೇಕಿನ ಅಳತೆ. ರಸ್ತೆಗೆ ಸೀಮೆಸುಣ್ಣದಲ್ಲಿ ಗೆರೆ ಎಳೆದು, ಗೆರೆ ದಾಟಿದ ತಕ್ಷಣ ಬ್ರೇಕ್ ಒತ್ತಿ, ಎಲ್ಲಿ ನಿಲ್ಲುತ್ತದೋ ಅಲ್ಲಿಗೆ ಟೇಪ್ ಹಿಡಿದು ಅಳೆಯೋದು. ಯಾಕೆ ಇಷ್ಟೆಲ್ಲ ಅಂದರೆ, ನಿಂತುಕೊಂಡಿರುವ ಮನುಷ್ಯನನ್ನು ಕಾರಿನ ಹಾಗೆ ಗಕ್ಕನೆ ನಿಲ್ಲಿಸೋಕೆ ಆಗಲ್ಲ. ಹಿಡಿದುಕೊಳ್ಳಲು ಹ್ಯಾಂಡಲ್ ಇಲ್ಲ, ಸೀಟ್ ಬೆಲ್ಟ್ ಇಲ್ಲ. ಸೆಕೆಂಡಿಗೆ ಸುಮಾರು 7 ಕಿ.ಮೀ.ನಷ್ಟು ವೇಗ ಇಳಿಯುವಂತೆ ಬ್ರೇಕ್ ಹಾಕುತ್ತೇವೆ ಅಂತಿಟ್ಟುಕೊಳ್ಳಿ. ಗಂಟೆಗೆ 20 ಕಿ.ಮೀ. ವೇಗದಲ್ಲಿದ್ದರೆ ನಿಲ್ಲಲು ಸುಮಾರು 8 ಮೀಟರ್ ಬೇಕು. ಅಪಾಯ ಕಣ್ಣಿಗೆ ಬಿದ್ದು ಬೆರಳು ಒತ್ತುವಷ್ಟರಲ್ಲಿ ಒಂದು ಸೆಕೆಂಡ್ ಕಳೆದರೆ ಇನ್ನೂ ಐದೂವರೆ ಮೀಟರ್. ಒಟ್ಟು 13–14 ಮೀಟರ್. ಅದೇ 40 ಕಿ.ಮೀ. ಆದರೆ? ಎರಡರಷ್ಟು ಅಲ್ಲ, ಸುಮಾರು 42 ಮೀಟರ್. ವೇಗ ಎರಡರಷ್ಟಾದರೆ ಕಳೆದುಕೊಳ್ಳಬೇಕಾದ ಶಕ್ತಿ ನಾಲ್ಕರಷ್ಟಾಗುತ್ತದೆ. ಈ ಲೆಕ್ಕ ತೋರಿಸಿದ ಮೇಲೆ 38ರ ಮಾತು ನಮ್ಮ ಹುಡುಗನ ಬಾಯಿಂದ ಬರಲಿಲ್ಲ.

ಜೊತೆಗೆ ಲೆಕ್ಕದಲ್ಲಿ ಇಲ್ಲದ ವಿಷಯಗಳು: ರಸ್ತೆ ಅಂಚಿನ ಎಂ-ಸ್ಯಾಂಡ್, ಬಣ್ಣ ಬಳಿಯದ ಹಂಪ್, ಬೀದಿ ನಾಯಿ. ಬೈಕನ್ನು ಕಂಡರೆ ಸುಮ್ಮನೆ ಮಲಗಿರುವ ನಾಯಿ ಸ್ಕೇಟ್‌ಬೋರ್ಡ್ ಕಂಡರೆ ಎದ್ದು ಬರುತ್ತದೆ. ಅದಕ್ಕೂ 14 ಮೀಟರ್ ಬೇಕು ಸ್ವಾಮಿ.

ಆ ಭಾನುವಾರ ಆದದ್ದೇನು?

ಈ ಎಲ್ಲ ಪರೀಕ್ಷೆಯನ್ನೂ ನಾವು ಮಾಡಿದ್ದು ಸಮತಟ್ಟಾದ ರಸ್ತೆಯಲ್ಲಿ. ಇಳಿಜಾರಿನ ಪರೀಕ್ಷೆ ಎರಡು ಸಲ ಮಾಡಿದ್ದೆವು, ಎರಡೂ ಸಲ ಕೊನೆಗೆ; ಅಂದ್ರೆ ಅರ್ಧ ಗಂಟೆ ಓಡಿಸಿ, ಬ್ಯಾಟರಿ ಸ್ವಲ್ಪ ಖಾಲಿಯಾದ ಮೇಲೆ. ಆವತ್ತು ಮಾತ್ರ ರಾತ್ರಿ ಪೂರ್ತಿ ಚಾರ್ಜ್ ಮಾಡಿ, ಕಾರಿನಲ್ಲಿ ಬೋರ್ಡ್ ತಗೊಂಡು ಹೋಗಿ, ನೇರ ಇಳಿಜಾರಿನ ತುದಿಯಲ್ಲೇ ಇಳಿಸಿದೆವು. ಮೊದಲ ಓಟವೇ ಕೆಳಮುಖ, ಬ್ಯಾಟರಿ 42 ವೋಲ್ಟ್, ತುಂಬಿದ ಕೊಡ.

ಅವನು ಬ್ರೇಕ್ ಒತ್ತಿದ. ಮೋಟಾರು ಡೈನಮೋ ಆಗಿ ಬ್ಯಾಟರಿಗೆ ಕರೆಂಟ್ ಕಳಿಸಿತು. ನಾವು ನಿಗದಿ ಮಾಡಿದ್ದ ಮಿತಿ 12 ಆಂಪಿಯರ್. ಮೂರು ಸೆಲ್ಲಿನ ಗುಂಪು ಆದ್ದರಿಂದ ಸೆಲ್ಲಿಗೆ 4 ಆಂಪಿಯರ್. ಪ್ರತಿ ಸೆಲ್ಲಿಗೂ ಒಳಗೆ ಒಂದಿಷ್ಟು ಅಡೆತಡೆ ಇರುತ್ತದೆ, ಹಾಗಾಗಿ ಕರೆಂಟ್ ಒಳಗೆ ನುಗ್ಗುವಾಗ ಅದರ ವೋಲ್ಟೇಜ್ ತಾತ್ಕಾಲಿಕವಾಗಿ ಏರುತ್ತದೆ. ಇಷ್ಟು ಕರೆಂಟಿಗೆ ಆ ಏರಿಕೆ ಸುಮಾರು 0.14 ವೋಲ್ಟ್. ಸೆಲ್ ಮೊದಲೇ 4.2ರಲ್ಲಿತ್ತು. 4.2ಕ್ಕೆ 0.14 ಸೇರಿದರೆ 4.34. ಬಿಎಂಎಸ್ಸಿನ ಗೆರೆ 4.25. ಗೆರೆ ದಾಟಿದ್ದನ್ನು ನೋಡಿ ಕಾವಲುಗಾರ ತನ್ನ ಕೆಲಸ ಮಾಡಿದ, ಕರೆಂಟ್ ಒಳಗೆ ಬರುವ ಬಾಗಿಲನ್ನು ಮುಚ್ಚಿದ.

ಈಗ ಮೋಟಾರು ಕರೆಂಟ್ ಹುಟ್ಟಿಸುತ್ತಿದೆ, ಹೋಗಲು ಜಾಗವಿಲ್ಲ. ಕಂಟ್ರೋಲರಿನ ಒಳಗೆ ವೋಲ್ಟೇಜ್ ಜಿಗಿಯಿತು. ತಾನು ಸುಟ್ಟುಹೋಗದಂತೆ ಅದೂ ಮೋಟಾರನ್ನು ಬಿಟ್ಟುಬಿಟ್ಟಿತು. ಇಬ್ಬರು ಕಾವಲುಗಾರರೂ ತಮ್ಮ ತಮ್ಮ ಕೆಲಸವನ್ನು ಸರಿಯಾಗಿಯೇ ಮಾಡಿದರು. ಬ್ಯಾಟರಿ ಉಳಿಯಿತು, ಕಂಟ್ರೋಲರ್ ಉಳಿಯಿತು. ಮೇಲೆ ನಿಂತಿದ್ದ ಹುಡುಗನನ್ನು ನೋಡಿಕೊಳ್ಳುವ ಕೆಲಸವನ್ನು ನಾವು ಇಬ್ಬರಿಗೂ ಕೊಟ್ಟಿರಲಿಲ್ಲ.

ಅವನು ಬುದ್ಧಿವಂತಿಕೆ ಮಾಡಿದ. ವೇಗ ಇನ್ನೂ ಹೆಚ್ಚುವ ಮೊದಲೇ ಪಕ್ಕದ ಖಾಲಿ ಸೈಟಿನ ಹುಲ್ಲಿನ ಕಡೆ ಹಾರಿ ಉರುಳಿದ. ಮೊಣಕೈ ತರಚಿತು, ಪ್ಯಾಂಟ್ ಹರಿಯಿತು. ಬೋರ್ಡ್ ಒಂದೇ ನನ್ನನ್ನು ದಾಟಿ ಹೋಗಿ ಜಲ್ಲಿ ರಾಶಿಗೆ ಗುದ್ದಿ ನಿಂತಿತು. ನಾನು ಅದನ್ನು ಹಿಡಿಯಲೂ ಹೋಗಲಿಲ್ಲ, ಮೊಬೈಲ್ ಎಸೆದು ಅವನ ಹತ್ತಿರ ಓಡಿದೆ. ಮನೆಗೆ ಬಂದಾಗ ಅಕ್ಕ ಮೊಣಕೈ ನೋಡಿದಳು, ನನ್ನ ಮುಖ ನೋಡಿದಳು. ಬೈಯಲಿಲ್ಲ. ಡೆಟಾಲ್ ತಂದಳು. ಬೈದಿದ್ದರೆ ವಾಸಿಯಿತ್ತು.

ಏನೇನು ಬದಲಾಯಿಸಿದೆವು?

ಎರಡು ವಾರ ಬೋರ್ಡ್ ಮುಟ್ಟಲಿಲ್ಲ. ಆಮೇಲೆ ಕೂತು ಒಂದು ಕಾಗದದ ಮೇಲೆ ಬರೆದೆವು: ಬ್ರೇಕ್ ಕೆಲಸ ಮಾಡಬೇಕಾದರೆ ಏನೇನು ಸರಿಯಾಗಿರಬೇಕು? ರಿಮೋಟ್, ಕಂಟ್ರೋಲರ್, ಮೋಟಾರು, ಬೆಲ್ಟ್, ಬ್ಯಾಟರಿ. ಐದು ಕೊಂಡಿ. ಒಂದು ಕಳಚಿದರೂ ಬ್ರೇಕ್ ಇಲ್ಲ. ಸೈಕಲ್ಲಿಗಾದರೂ ಹಿಂದೊಂದು ಮುಂದೊಂದು ಬ್ರೇಕ್ ಇರುತ್ತದೆ. ನಮ್ಮದರಲ್ಲಿ ಐದಕ್ಕೂ ಸೇರಿ ಒಂದೇ ದಾರಿ.

ಆಮೇಲೆ ಒಂದೊಂದೇ ಕೊಂಡಿಯನ್ನು ಹಿಡಿದು ಕೂತೆವು.

ಚಾರ್ಜನ್ನು 42ರ ಬದಲು 40.5 ವೋಲ್ಟಿಗೆ ನಿಲ್ಲಿಸುತ್ತೇವೆ. ಸೆಲ್ಲಿಗೆ 4.05. ಬ್ರೇಕ್ ಹಾಕಿದಾಗ 0.14 ಏರಿದರೂ 4.2ರ ಒಳಗೇ ಇರುತ್ತದೆ. ಓಡುವ ದೂರ ಒಂದೆರಡು ಕಿಲೋಮೀಟರ್ ಕಡಿಮೆಯಾಯಿತು, ಆಗಲಿ. ಸೆಲ್ಲಿನ ಆಯಸ್ಸಿಗೂ ಇದು ಒಳ್ಳೆಯದು. ಆಗಾಗ ಒಮ್ಮೆ ಮಾತ್ರ ಪೂರ್ತಿ ತುಂಬಿಸಿ ಹತ್ತು ಗುಂಪುಗಳ ವೋಲ್ಟೇಜ್ ಸಮವಾಗಲು ಬಿಡುತ್ತೇವೆ, ಆವತ್ತು ಸಮತಟ್ಟಾದ ರಸ್ತೆಯಲ್ಲೇ ಓಡಿಸುತ್ತೇವೆ.

ಬಿಎಂಎಸ್ ಮೂಲಕ ಹೋಗುತ್ತಿದ್ದ ಮೋಟಾರಿನ ದಾರಿಯನ್ನು ಬೇರೆ ಮಾಡಿಸಿದೆವು. ಈಗ ಬಿಎಂಎಸ್ ಚಾರ್ಜ್ ಮಾಡುವಾಗ ಮಾತ್ರ ಬಾಗಿಲು ಕಾಯುತ್ತದೆ. ಓಡುವಾಗ ಬ್ಯಾಟರಿಯಿಂದ ಕಂಟ್ರೋಲರಿಗೆ ಫ್ಯೂಸ್ ಮೂಲಕ ನೇರ ದಾರಿ. ಹಾಗಂತ ಸುಮ್ಮನೆ ಬಿಡುವಂತಿಲ್ಲ. ಬ್ಯಾಟರಿ ಇಳಿದಾಗ ಕಾಪಾಡುವ ಕೆಲಸವನ್ನು ಕಂಟ್ರೋಲರಿಗೆ ಒಪ್ಪಿಸಬೇಕು. ಅದು ತಟ್ಟನೆ ಕಡಿಯುವುದಿಲ್ಲ, ನಿಧಾನವಾಗಿ ಶಕ್ತಿ ಕಡಿಮೆ ಮಾಡುತ್ತಾ ಬರುತ್ತದೆ. ನಿಂತವನಿಗೆ ಕಾಲಿನಲ್ಲೇ ಗೊತ್ತಾಗುತ್ತದೆ. ಗುಂಪುಗಳ ವೋಲ್ಟೇಜನ್ನು ಮನೆಯಲ್ಲಿ ಮೀಟರ್ ಹಿಡಿದು ನೋಡುವ ಅಭ್ಯಾಸವೂ ಇಟ್ಟುಕೊಂಡೆವು.

ಬೆಲ್ಟನ್ನು ಪ್ರತಿ ಸಲ ಹೊರಡುವ ಮೊದಲು ಬೆರಳಿನಿಂದ ಒತ್ತಿ ನೋಡುತ್ತೇವೆ. ಹಲ್ಲು ಸವೆದಿದ್ದರೆ ಬ್ರೇಕ್ ಹಾಕುವಾಗಲೇ ಜಾರುವುದು. ಇನ್ನೊಂದು ಹಿಂದಿನ ಚಕ್ರಕ್ಕೂ ಮೋಟಾರು ಹಾಕಿದರೆ ಒಂದು ಬೆಲ್ಟ್ ಹರಿದರೂ ಇನ್ನೊಂದು ಉಳಿಯುತ್ತದೆ. ದುಡ್ಡು ಕೂಡಿದಾಗ ಅದನ್ನು ಮಾಡಬೇಕು.

ಕೊನೆಯದು ಆರನೇ ಕೊಂಡಿ, ಕಾಲು. ಒಂದು ಕಾಲನ್ನು ಹಲಗೆ ಮೇಲಿಟ್ಟು, ಇನ್ನೊಂದರ ಚಪ್ಪಟೆ ಅಡಿಯನ್ನು ನೆಲಕ್ಕೆ ಉಜ್ಜಿ ನಿಲ್ಲಿಸುವುದು. ಮೋಟಾರಿಲ್ಲದ ಬೋರ್ಡ್ ಓಡಿಸುವವರು ಮೊದಲು ಕಲಿಯುವ ವಿದ್ಯೆ ಅದು. ನಾವು ಮೋಟಾರಿದೆಯಲ್ಲ ಅಂತ ಅದನ್ನು ಕಲಿತೇ ಇರಲಿಲ್ಲ. ಈಗ ಬೋರ್ಡ್ ಆಫ್ ಮಾಡಿ, ಕಾಲಿನಲ್ಲಿ ತಳ್ಳಿ, ಕಾಲಿನಲ್ಲೇ ನಿಲ್ಲಿಸುವುದನ್ನು ಇಬ್ಬರೂ ಕಲಿತಿದ್ದೇವೆ. ನಾನು ಎರಡು ಸಲ ಬಿದ್ದೆ, ಅದು ಬೇರೆ ಮಾತು.

ರಸ್ತೆಗೆ ಇಳಿಸಬಹುದಾ?

ತುಂಬಾ ಜನ ಕೇಳುವ ಪ್ರಶ್ನೆ. ನಮ್ಮ ದೇಶದ ಮೋಟಾರು ವಾಹನ ನಿಯಮದಲ್ಲಿ ಬ್ಯಾಟರಿ ವಾಹನಗಳಿಗೆ ಒಂದು ವಿನಾಯಿತಿ ಇದೆ. ಮೋಟಾರಿನ ಶಕ್ತಿ 250 ವ್ಯಾಟ್‌ಗಿಂತ ಕಡಿಮೆ, ವೇಗ ಗಂಟೆಗೆ 25 ಕಿ.ಮೀ.ಗಿಂತ ಕಡಿಮೆ ಇದ್ದು, ಇನ್ನು ಕೆಲವು ಷರತ್ತುಗಳನ್ನು ಪೂರೈಸಿದರೆ ಅದನ್ನು ಮೋಟಾರು ವಾಹನ ಅಂತ ಪರಿಗಣಿಸುವುದಿಲ್ಲ. ನಾವು ಹಾಕಿರುವಂಥ ಮೋಟಾರಿನ ಶಕ್ತಿ 250 ವ್ಯಾಟ್ ದಾಟುತ್ತದೆ. ವೇಗವನ್ನು ಸಾಫ್ಟ್‌ವೇರಿನಲ್ಲಿ 20ಕ್ಕೆ ಕಟ್ಟಿದ್ದೇವೆ ಅಂದಮಾತ್ರಕ್ಕೆ ಅದು ಈ ವಿನಾಯಿತಿಯೊಳಗೆ ಬರುವುದಿಲ್ಲ. ನೋಂದಣಿ ಇಲ್ಲ, ವಿಮೆ ಇಲ್ಲ. ನಾಳೆ ಇನ್ನೊಬ್ಬರಿಗೆ ಗುದ್ದಿದರೆ ಹೊಣೆ ಯಾರದು? ಹಾಗಾಗಿ ಕಾಲೇಜಿಗೆ ಇದರಲ್ಲೇ ಹೋಗ್ತೀನಿ ಅನ್ನುವ ಹುಡುಗನ ಆಸೆಗೆ ನಾನು ಒಪ್ಪಿಲ್ಲ. ವಾಹನ ಓಡಾಡದ ಜಾಗ, ಮಾಲೀಕರ ಒಪ್ಪಿಗೆ ಇರುವ ಜಾಗ, ಬೆಳಗಿನ ಹೊತ್ತು. ಇಷ್ಟೇ.

ಹಾಗಾದರೆ ಇಷ್ಟು ಕಷ್ಟಪಟ್ಟು ಯಾಕೆ ಕಟ್ಟಬೇಕು ಅಂತೀರಾ? ಇವತ್ತು ರಸ್ತೆಯಲ್ಲಿ ಓಡುವ ಎಲೆಕ್ಟ್ರಿಕ್ ಸ್ಕೂಟರು, ಕಾರಿನ ಒಳಗೂ ಇರೋದು ಇವೇ ಭಾಗಗಳು: ಸೆಲ್, ಬಿಎಂಎಸ್, ಕಂಟ್ರೋಲರ್, ಮೋಟಾರು. ಬ್ಯಾಟರಿ ತುಂಬಿದಾಗ ಮೋಟಾರಿನ ಬ್ರೇಕ್ ಕಡಿಮೆಯಾಗುವುದು ಎಲೆಕ್ಟ್ರಿಕ್ ಕಾರುಗಳಲ್ಲೂ ಇದೆ. ಅಲ್ಲಿ ಅದರ ಜೊತೆ ಮಾಮೂಲಿ ಪ್ಯಾಡಿನ ಬ್ರೇಕೂ ಇರುವುದರಿಂದ ಓಡಿಸುವವರಿಗೆ ಅಪಾಯವಾಗುವುದಿಲ್ಲ. ಆ ಎರಡನೇ ಬ್ರೇಕ್ ಯಾಕಿದೆ ಅನ್ನೋದು ನಮ್ಮ ಹುಡುಗನಿಗೆ ಈಗ ಯಾವ ಪಾಠ ಪುಸ್ತಕವೂ ಇಲ್ಲದೆ ಗೊತ್ತು.

ಹೋದ ತಿಂಗಳು ಮತ್ತೆ ಅದೇ ಇಳಿಜಾರಿಗೆ ಹೋದೆವು. ಈ ಸಲ ಕೆಳಗಿನಿಂದ ಶುರು ಮಾಡಿ, ಮೇಲೆ ಹತ್ತಿ, ಆಮೇಲೆ ಇಳಿದದ್ದು. ಹತ್ತುವಾಗ ಬ್ಯಾಟರಿಯಲ್ಲಿ ತಾನಾಗಿ ಜಾಗವಾಗುತ್ತದಲ್ಲ. ಅಕ್ಕನೂ ಬಂದಿದ್ದಳು. ಇಳಿಜಾರಿನಲ್ಲಿ ಮೂರು ಕಡೆ ಸೀಮೆಸುಣ್ಣದ ಗೆರೆ ಎಳೆದು, ಮೂರು ಕಡೆಯೂ ಬೋರ್ಡ್ ನಿಂತಿತು. ಅಕ್ಕ ಟೇಪ್ ಹಿಡಿದುಕೊಂಡು, "ಇನ್ನೊಂದ್ಸಲ ಮಾಡೋ, ನೋಡೋಣ" ಅಂದಳು. ಹತ್ತು ಸಲ ಮಾಡಿಸಿದಳು.

ಇವತ್ತಿಗೆ ಇಷ್ಟು. ಮನೆಯಲ್ಲಿ ಯಾರಾದರೂ ಇಂಥದ್ದನ್ನು ಕಟ್ಟುತ್ತಿದ್ದರೆ ಈ ಸಂಚಿಕೆಯನ್ನು ಅವರಿಗೆ ಕೇಳಿಸಿ. ಸಿಗ್ನಲ್ ತಪ್ಪಿದಾಗ ಏನಾಗುತ್ತದೆ, ಬ್ಯಾಟರಿ ತುಂಬಿದಾಗ ಬ್ರೇಕ್ ಹಿಡಿಯುತ್ತದೆಯೇ, ಈ ಎರಡನ್ನು ಹತ್ತುವ ಮೊದಲೇ ನೋಡಿಕೊಳ್ಳಲಿ. ಮುಂದಿನ ವಾರ ಮತ್ತೆ ಸಿಗೋಣ. ನಮಸ್ಕಾರ.